ಊರಿಗೆಲ್ಲ ಓಡಾಡುತ್ತಿದ್ದ ಅಜ್ಜಿ ನಿಮಗೆ ಸಿಗ್ತಿದ್ರಾ?

ನಮ್ಮ ಕಡೆಯವರು ಯಾರೇ ಸಿಕ್ಕರೂ ಅಜ್ಜಿಯ ಮಾತು ಬಂದೇ ಬರುತ್ತದೆ. ಮದುವೆ ಮನೆ ಪಂಕ್ತಿಯಲ್ಲಿ, ಸಾಗರದ ಬಸ್‌ಸ್ಟ್ಯಾಂಡಿನಲ್ಲಿ, ಒಮ್ಮೆ ಶಿವಮೊಗ್ಗದ ಬಟ್ಟೆ ಅಂಗಡಿಯಲ್ಲೂ. "ನಿಮ್ಮಜ್ಜಿ ಇಲ್ದಿದ್ರೆ ನಮ್ಮಪ್ಪ ಉಳೀತಿರ್ಲಿಲ್ಲ" ಅಂತ ಶುರು ಮಾಡುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ದನಿ ತಗ್ಗಿಸಿ ಅದೇ ಪ್ರಶ್ನೆ: "ಅಲ್ಲ, ಅವ್ರು ಯಾವಾಗ್ಲೂ ಊರ ಕೆಲಸದಲ್ಲೇ ಇರ್ತಿದ್ರಲ್ಲ, ಮನೆಯವ್ರಿಗೆ ಸಿಗ್ತಿದ್ರಾ? ನಿಮಗೆ ಬೇಜಾರಾಗ್ತಿರ್ಲಿಲ್ವಾ?"

"ಸಿಗ್ತಿದ್ರು, ಬೇಜಾರೇನಿಲ್ಲ" ಅಂತ ಹೇಳಿ ಮಾತು ಮುಗಿಸುತ್ತಿದ್ದೆ. ಅದು ಪೂರ್ತಿ ನಿಜ ಅಲ್ಲ. ಅಜ್ಜಿ ಹೋಗಿ ಮೂರು ಮಳೆಗಾಲ ಆಯಿತು. ಈಗಲಾದರೂ ಸರಿಯಾಗಿ ಹೇಳಬೇಕು ಅನ್ನಿಸುತ್ತಿದೆ.

ನಮ್ಮದು ಮುಳುಗಡೆ ಕುಟುಂಬ, ಅಣೆಕಟ್ಟಿನ ಹಿನ್ನೀರಿಗೆ ಊರು ಕಳೆದುಕೊಂಡವರು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಸ್ವಲ್ಪ ಮುಂಚೆ ಅಜ್ಜ, ಅಜ್ಜಿ, ಕಂಕುಳಲ್ಲಿದ್ದ ನಮ್ಮಪ್ಪ, ಎರಡು ದನ, ಒಂದಿಷ್ಟು ಪಾತ್ರೆ ಎಲ್ಲ ಸೇರಿ ಹೊಸ ಊರಿಗೆ ಬಂದರು. ಊರು ಅಂದರೆ ಏನೂ ಇಲ್ಲ, ಬರೀ ಕಾಡು. ಸೋಗೆ ಹೊದಿಸಿದ ಗುಡಿಸಲಲ್ಲಿ ಅಜ್ಜಿಗೆ ಜ್ವರ ಹಿಡಿಯಿತು. ಹತ್ತಿರದ ಮನೆಯ ಹೆಂಗಸೊಬ್ಬಳು, ಗುರುತಿಲ್ಲ ಪರಿಚಯವಿಲ್ಲ, ದಿನಾ ಗಂಜಿ ತಂದು ಕುಡಿಸಿ, ಮಗುವನ್ನು ತನ್ನ ಮನೆಗೆ ಒಯ್ದು ಸ್ನಾನ ಮಾಡಿಸಿ ಕರೆದುಕೊಂಡು ಬರುತ್ತಿದ್ದಳಂತೆ. ಅಜ್ಜಿ ಆ ಕಥೆಯನ್ನು ನೂರು ಸಲ ಹೇಳಿದ್ದಾಳೆ. ಹೇಳಿದಾಗೆಲ್ಲ ಕೊನೆಗೆ ಒಂದೇ ಮಾತು, "ಆ ಗಂಜಿ ಸಾಲ ಇನ್ನೂ ತೀರಿಲ್ಲ ಕೂಸೇ."

ಅವಳು ಮಾಡಿದ್ದರಲ್ಲಿ ಜಾಸ್ತಿ ಜನ ನೆನಪಿಟ್ಟುಕೊಂಡಿರುವುದು ಮಂಗನ ಕಾಯಿಲೆಯ ಕಾಲವನ್ನು. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಡಾಕ್ಟರುಗಳು ಕೆ.ಎಫ್.ಡಿ. (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಅನ್ನುತ್ತಾರೆ. ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಸುತ್ತಲಿನ ದರಗಿಗೆ (ಒಣಗಿ ಬಿದ್ದ ಎಲೆಗೆ) ಇಳಿಯುತ್ತದೆ. ಕೊಟ್ಟಿಗೆಗೆ ಹಾಕಲು ಅದೇ ದರಗು ಗುಡಿಸಿ ತರುವವರು ನಾವು. ಡಿಸೆಂಬರಿನಿಂದ ಮುಂಗಾರು ಬೀಳುವ ತನಕ ಭಯ. ಜ್ವರ, ಮೈ ಮುರಿಯುವಷ್ಟು ನೋವು, ಕೆಲವರಿಗೆ ಮೂಗು ಬಾಯಲ್ಲಿ ರಕ್ತ. ಇದಕ್ಕೆ ಅಂತಲೇ ಬೇರೆ ಮದ್ದಿಲ್ಲ, ಉಣುಗು ಕಚ್ಚದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ.

ಹಾಗಾಗಿ ಆ ಐದಾರು ತಿಂಗಳು ನಮ್ಮ ಜಗುಲಿಯೇ ಅಜ್ಜಿಯ ಕಾವಲು. ಬೆಳಗ್ಗೆ ಏಳಕ್ಕೆ ಹೆಂಗಸರು ಬುಟ್ಟಿ ಹೊತ್ತು ಬೆಟ್ಟಕ್ಕೆ ಹೊರಡುತ್ತಿದ್ದರು. ದಾರಿ ನಮ್ಮ ಅಂಗಳದ ಮೇಲೇ ಹಾದುಹೋಗುತ್ತದೆ. ಅಜ್ಜಿ ಜಗುಲಿ ತುದಿಯಲ್ಲಿ ಕೂತು ಒಬ್ಬೊಬ್ಬರನ್ನೇ ನಿಲ್ಲಿಸುತ್ತಿದ್ದಳು. ಉಣುಗು ಹತ್ತಿರ ಬಾರದ ಹಾಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಕೊಡುತ್ತಿದ್ದ ಡಿ.ಎಂ.ಪಿ. ಎಣ್ಣೆಯ ಬಾಟ್ಲಿ ಹಿಡಿದುಕೊಳ್ಳುವುದು ನನ್ನ ಕೆಲಸ. "ಆಮೇಲೆ ಹಚ್ಕೋತೀನಿ ಅಮ್ಮ" ಅಂದರೆ ಬಿಡುತ್ತಿರಲಿಲ್ಲ. ತಾನೇ ಬಗ್ಗಿ, ಅವರ ಹಿಮ್ಮಡಿಯಿಂದ ಮಂಡಿಯ ತನಕ, ಆಮೇಲೆ ಕೈ, ಕುತ್ತಿಗೆ, ಒಂದು ಬೆರಳಗಲ ಜಾಗವೂ ಬಿಡದೆ ಹಚ್ಚುತ್ತಿದ್ದಳು. ಅವಳ ಕೈ ಒರಟು, ಅಡಿಕೆ ಸುಲಿದೂ ಸುಲಿದೂ ಬೆರಳ ತುದಿಯೆಲ್ಲ ಕಪ್ಪಾಗಿ ಬಿರುಕು ಬಿಟ್ಟಿರುತ್ತಿತ್ತು. ಅದೇ ಕೈ ಕಾಲ ಮೇಲೆ ಆಡುವಾಗ ಹೆಂಗಸರು ನಾಚಿಕೆಯಿಂದ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಮನೆ ಯಜಮಾನಿ ತಮ್ಮ ಕಾಲು ಮುಟ್ಟುವುದು ಅವರಿಗೆ ಹೊಸದು. ಅಜ್ಜಿಗೆ ಅದೆಲ್ಲ ಲೆಕ್ಕಕ್ಕೇ ಇರಲಿಲ್ಲ.

ಸಂಜೆ ಅವರು ವಾಪಸ್ ಬರುವ ಹೊತ್ತಿಗೆ ನಮ್ಮ ಬಚ್ಚಲ ಹಂಡೆಯಲ್ಲಿ ನೀರು ಕುದಿಯುತ್ತಿರಬೇಕು. ಮನೆಯಲ್ಲಿ ಸೌದೆ ಇಲ್ಲದವರು ಇಲ್ಲಿಂದಲೇ ಬಿಸಿನೀರು ಒಯ್ಯುತ್ತಿದ್ದರು. ಮಕ್ಕಳ ಕಿವಿ ಹಿಂದೆ, ಕೂದಲ ಬುಡ, ಮಂಡಿ ಸಂದು ಎಲ್ಲ ನೋಡುವುದನ್ನು ನನಗೂ ಕಲಿಸಿದ್ದಳು. ಮರಿ ಉಣುಗು ಎಳ್ಳಿಗಿಂತ ಸಣ್ಣದು, ಕಣ್ಣಿಗಿಂತ ಬೆರಳಿಗೇ ಬೇಗ ಸಿಗುತ್ತದೆ. ಲಸಿಕೆಗೆ ಜನ ಹೆದರುತ್ತಿದ್ದರು. ಆಗಿನ ಲಸಿಕೆ ಒಂದು ಸಲಕ್ಕೆ ಮುಗಿಯುತ್ತಿರಲಿಲ್ಲ. ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರ್, ಚುಚ್ಚಿದ ಜಾಗ ಉರಿಯೋ ಉರಿ. ಎಲ್ಲರೂ ನೋಡಲಿ ಅಂತ ಅಜ್ಜಿ ಪ್ರತಿ ವರ್ಷ ಮೊದಲು ತಾನೇ ತೋಳು ಒಡ್ಡುತ್ತಿದ್ದಳು. ಎರಡನೆಯವಳು ನಾನು.

ಮಳೆಗಾಲಕ್ಕೆ ಬೇರೆ ಕೆಲಸ. ರೋಹಿಣಿ ಮಳೆ ಹುಟ್ಟುವ ಮುಂಚೆ ಹಳ್ಳಕ್ಕೆ ಸಂಕ (ಮರದ ಕಾಲುಸೇತುವೆ) ಹಾಕಿಸಬೇಕು, ಇಲ್ಲದಿದ್ದರೆ ಆಚೆ ದಡದ ಮಕ್ಕಳಿಗೆ ಶಾಲೆ ಇಲ್ಲ. ಅಡಿಕೆ ಮರ ನಮ್ಮ ತೋಟದ್ದು, ಆಳು ಮುಯ್ಯಾಳು, ಅಂದರೆ ಕೂಲಿಯಿಲ್ಲದೆ ಒಬ್ಬರಿಗೊಬ್ಬರು ಮಾಡಿಕೊಡುವ ಕೆಲಸ. ಹಿಡಿದುಕೊಳ್ಳಲು ಗಂಡಸರು ಒಂದೇ ಬಿದಿರು ಕಟ್ಟಿದರೆ ಇವಳು ನಿಂತು ಇನ್ನೊಂದು ಕಟ್ಟಿಸುತ್ತಿದ್ದಳು, ಒಂದನೇ ಕ್ಲಾಸಿನ ಮಗುವಿನ ಕೈಗೆಟುಕುವ ಎತ್ತರಕ್ಕೆ.

ಹಾಗಾದರೆ ಮನೆ? ನನಗೆ ಅಜ್ಜಿ ಸಿಕ್ಕಳು, ಯಾಕೆಂದರೆ ಹೋದಲ್ಲೆಲ್ಲ ನನ್ನನ್ನು ಕರೆದುಕೊಂಡು ಹೋದಳು. ಬಾಣಂತಿ ಮನೆ, ಸಾವಿನ ಮನೆ, ಪಂಚಾಯ್ತಿ ಕಟ್ಟೆ, ಎಲ್ಲ ಕಡೆ. ದಾರಿಯಲ್ಲಿ ಒಂದೆಲಗ ಕಂಡರೆ ಕಿತ್ತು ಸೆರಗಿಗೆ ಕಟ್ಟಿಕೊಂಡು, ಮನೆಗೆ ಬಂದು ನನ್ನ ಕೈಯಲ್ಲೇ ತಂಬುಳಿ ಮಾಡಿಸುತ್ತಿದ್ದಳು. ಬೇರೆ ಮಕ್ಕಳಿಗೆ ಅಜ್ಜಿಯ ಮಡಿಲು ಸಿಕ್ಕಿತು, ನನಗೆ ಅಜ್ಜಿಯ ಜೊತೆ ನಡಿಗೆ ಸಿಕ್ಕಿತು. ನನಗೆ ಅದು ಸಾಕು.

ಆದರೆ ಅಮ್ಮನಿಗೆ ಅಷ್ಟೂ ಸಿಗಲಿಲ್ಲ. ಇದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಆ ಹಂಡೆಗೆ ಉರಿ ಹಾಕಿದವಳು ಅಮ್ಮ. ಹೊತ್ತಲ್ಲದ ಹೊತ್ತಲ್ಲಿ ಬಂದವರಿಗೆ ಅನ್ನ ಬಡಿಸಿದವಳು ಅಮ್ಮ. "ಒಲೆ ಮೇಲೆ ಹಾಲಿಟ್ಟು ಯಾರೋ ಕರೆದ್ರು ಅಂತ ಎದ್ದು ಹೋಗ್ಬಿಡ್ತಿದ್ರು" ಅನ್ನುವಾಗ ಅವಳ ದನಿಯಲ್ಲಿ ಇವತ್ತಿಗೂ ಸ್ವಲ್ಪ ನೋವಿದೆ. ಊರವರು ಅಜ್ಜಿಗೆ ಕೈ ಮುಗಿಯುವಾಗ ಅರ್ಧ ಅಮ್ಮನಿಗೂ ಸಲ್ಲಬೇಕು.

ನನಗೆ ಬೇಜಾರಾಗಿದ್ದು ಒಂದು ಸಲ. ಐದನೇ ಕ್ಲಾಸಿನ ಸ್ಕೂಲ್ ಡೇ, ನನ್ನದು ಒನಕೆ ಓಬವ್ವನ ಪಾರ್ಟು. ಕಚ್ಚೆ ಸೀರೆ ತಾನೇ ಉಡಿಸುತ್ತೇನೆ ಅಂದಿದ್ದಳು. ಹಿಂದಿನ ರಾತ್ರಿ ಕೆಳಗಿನ ಮನೆಯವರಿಗೆ ಜ್ವರ ಏರಿ, ಮೂಗಲ್ಲಿ ರಕ್ತ ಬಂದು, ಜೀಪಿನಲ್ಲಿ ಮಣಿಪಾಲಕ್ಕೆ ಒಯ್ದರು. ಅಜ್ಜಿಯೂ ಹತ್ತಿ ಹೋದಳು. ಸೀರೆ ಅಮ್ಮ ಉಡಿಸಿದಳು. ಸ್ಟೇಜ್ ಮೇಲಿಂದ ಮುಂದಿನ ಸಾಲಿನ ಖಾಲಿ ಕುರ್ಚಿ ನೋಡಿದ್ದು ನನಗೆ ಇನ್ನೂ ನೆನಪಿದೆ.

ನಾಲ್ಕನೇ ದಿನ ರಾತ್ರಿ ವಾಪಸ್ ಬಂದಳು. ಅವರು ಉಳಿದರು. ನಾನು ಮಾತಾಡಲಿಲ್ಲ, ಮಲಗಿದ ಹಾಗೆ ಮಾಡಿದೆ. ಕಾಲು ತೊಳೆದು ಬಂದು ನನ್ನನ್ನು ಎಬ್ಬಿಸಿ, ಅಡುಗೆಮನೆಯ ಒನಕೆ ತಂದು ಕೈಗೆ ಕೊಟ್ಟು, "ಈಗ ಮಾಡು, ಪೂರ್ತಿ ನೋಡ್ತೀನಿ" ಅಂದಳು. ಅಮ್ಮ ಕಷಾಯ ತಂದಿಟ್ಟು ಅಲ್ಲೇ ಕೂತಳು. ನಾನು ಮುಖ ಊದಿಸಿಕೊಂಡೇ ಶುರು ಮಾಡಿದೆ. ನಾಲ್ಕು ಮಾತು ಆಗುವಷ್ಟರಲ್ಲಿ ಅಜ್ಜಿಗೆ ಕೂತಲ್ಲೇ ತೂಕಡಿಕೆ. ನಾನು ಸುಮ್ಮನೆ ನಿಂತೆ. ದನಿ ನಿಂತದ್ದಕ್ಕೋ ಏನೋ, ಥಟ್ಟನೆ ಕಣ್ಣು ಬಿಟ್ಟು, ಕಷಾಯದ ಲೋಟ ಪಕ್ಕಕ್ಕೆ ಸರಿಸಿ ಹೇಳಿದಳು, "ಎಲ್ಲಿಗೆ ನಿಲ್ಲಿಸಿದ್ದೆ? ಅಲ್ಲಿಂದ ಹೇಳು."