ಹುಲಿ, ಜಿಂಕೆ, ಮುಸುವ ಮತ್ತು ಒಂದು ಬೋನು

ನಮ್ಮದು ಗುಂಡ್ಲುಪೇಟೆ ಕಡೆಯ ಒಂದು ಸಣ್ಣ ಸರ್ಕಾರಿ ಶಾಲೆ. ಬಂಡೀಪುರದ ಕಾಡಿನ ಅಂಚು ಅಷ್ಟು ದೂರವೇನಿಲ್ಲ. ಪಿ.ಟಿ. ಮೇಷ್ಟ್ರು ಇಲ್ಲ, ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇದೇನು ಹೊಸ ಸಂಗತಿಯೂ ಅಲ್ಲ. ಹಾಗಾಗಿ ಕನ್ನಡ, ಗಣಿತ, ಪರಿಸರ ಎಲ್ಲ ಹೇಳಿಕೊಡುವ ನಾನೇ ಪಿ.ಟಿ. ಟೀಚರ್ ಕೂಡ. ಕೊರಳಿಗೊಂದು ಸೀಟಿ ಹಾಕಿಕೊಂಡರೆ ಆಯ್ತು, ಅಲ್ವಾ!

ಈ ಮಕ್ಕಳಿಗೆ ಓಡಿ ಹಿಡಿಯುವ ಆಟಗಳನ್ನು ಯಾರೂ ಕಲಿಸಬೇಕಾಗಿಲ್ಲ. ಮುಟ್ಟಾಟ, ಕೆರೆ-ದಡ, ಕಲ್ಲು-ಮಣ್ಣು, ಲಾಕ್ ಅಂಡ್ ಕೀ, ಎಲ್ಲಾ ಗೊತ್ತು. ಸಿಕ್ಕಿಬೀಳುವ ಹೊತ್ತಿಗೆ ಸರಿಯಾಗಿ ‘ಟೈಂ ಪ್ಲೀಸ್’ ಅನ್ನೋದೂ ಗೊತ್ತು. ತೊಂದರೆ ಬೇರೆ. ಮೊದಲು ಔಟಾಗುವವರು ಪ್ರತಿಸಲವೂ ಅದೇ ನಾಲ್ಕೈದು ಜನ. ಔಟಾದವರು ಮರದ ಕೆಳಗೆ ಕೂತು ಮಣ್ಣು ಕೆರೆಯುತ್ತಾರೆ, ಅಂದರೆ ಯಾರಿಗೆ ಓಟ ಜಾಸ್ತಿ ಬೇಕೋ ಅವರೇ ಕೂತಿರುತ್ತಾರೆ. ಖೋಖೋ ಆಡಿಸೋಣ ಅಂದರೆ ಅಲ್ಲೂ 8 ಜನ ಕೂತು ಒಬ್ಬರು ಅಟ್ಟಿಸಿಕೊಂಡು ಹೋಗಬೇಕು, ಎದುರು ತಂಡದಿಂದ ಒಂದು ಸಲಕ್ಕೆ ಓಡೋದು 3 ಜನ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋಖೋ ವಿಶ್ವಕಪ್ ಗೆದ್ದ ಮಹಿಳಾ ತಂಡದಲ್ಲಿ ನಮ್ಮ ಮೈಸೂರು ಸೀಮೆಯ ಚೈತ್ರಾ ಇದ್ದರು ಅಂತ ಗೊತ್ತಾದ ಮೇಲೆ ಹುಡುಗಿಯರಿಗೆ ಖೋಖೋ ಹುಚ್ಚು ಹಿಡಿದಿದ್ದು ನಿಜ, ನನಗೂ ಖುಷಿಯೇ. ಆದರೆ ನಾಲ್ಕು-ಐದನೇ ಕ್ಲಾಸು ಸೇರಿಸಿ ಮೂವತ್ತು ಮಕ್ಕಳನ್ನು ಒಟ್ಟಿಗೆ ಓಡಿಸೋಕೆ ಅದು ಆಗಲ್ಲ.

ಯೂಟ್ಯೂಬ್‌ನಲ್ಲಿ ಹುಡುಕಿದರೆ ಶಾರ್ಕು, ಕಡಲ್ಗಳ್ಳರು, ಜಾಂಬಿ ಅಂತ ಕಥೆ ಕಟ್ಟಿ ಆಡಿಸುವ ಮುಟ್ಟಾಟಗಳು ರಾಶಿ ಸಿಗುತ್ತವೆ. ನಮ್ಮ ಮಕ್ಕಳು ಸಮುದ್ರವನ್ನೇ ನೋಡಿಲ್ಲ, ಶಾರ್ಕ್ ಕಟ್ಟಿಕೊಂಡು ಏನು ಮಾಡ್ತಾರೆ? ಅದೂ ಅಲ್ಲದೆ ಸುಮ್ನೆ ಹೆಸರು ಬದಲಾಯಿಸಿದರೆ ಆಟ ಬದಲಾಗಲ್ಲ. ಹುಲಿ ಅಂತ ಕರೆದ ಮೇಲೆ ಹುಲಿ ಥರ ಓಡಬೇಕು, ಇಲ್ಲದಿದ್ದರೆ ಅದು ಹಳೇ ಮುಟ್ಟಾಟವೇ.

ಅದಕ್ಕೇ ಒಂದು ಶನಿವಾರ ಕಾಡಿನ ಆಟ ಅಂತ ಮಾಡಿದೆ. ಹಿಂದಿನ ದಿನ ದರ್ಜಿ ಅಂಗಡಿಯಿಂದ ಬಿಳಿ ಲೈನಿಂಗ್ ಬಟ್ಟೆಯ ಚೂರುಗಳನ್ನು ತಂದು ಒಂದೊಂದು ಗೇಣು ಉದ್ದಕ್ಕೆ ಕತ್ತರಿಸಿಟ್ಟಿದ್ದೆ. ಅದು ಜಿಂಕೆ ಬಾಲ. ಜಿಂಕೆ ಬೆದರಿದಾಗ ಬಾಲ ಎತ್ತುತ್ತದಲ್ಲ, ಆಗ ಕೆಳಗಿನ ಬಿಳಿ ಕಾಣುತ್ತದೆ. ಇದು ನಾನು ಹೇಳುವ ಮೊದಲೇ ಮಕ್ಕಳು ಹೇಳಿದರು. ಬಾಲ ಸೊಂಟಕ್ಕೆ ಸಿಕ್ಕಿಸಿಕೊಂಡು ಇಪ್ಪತ್ತಕ್ಕೂ ಜಾಸ್ತಿ ಜಿಂಕೆಗಳು ಮೈದಾನದಲ್ಲಿ ಮೇಯಬೇಕು. ಮೂರು ಹುಲಿಗಳು ಅಡುಗೆ ಕೋಣೆಯ ಹಿಂದೆ, ಪೊದೆ ಹತ್ತಿರ, ಸಿಂಟೆಕ್ಸ್ ಟ್ಯಾಂಕಿನ ಆ ಕಡೆ ಅಡಗಿರಬೇಕು. ಹುಲಿಗೆ ದೂರ ಅಟ್ಟಿಸಿಕೊಂಡು ಹೋಗುವ ದಮ್ಮಿಲ್ಲ, ಹತ್ತಿರ ಬರುವ ತನಕ ಕಾದು ಎರಗುವ ಪ್ರಾಣಿ ಅದು. ಹಾಗಾಗಿ ಹುಲಿ ಹೊರಗೆ ನೆಗೆದ ತಕ್ಷಣ ಎಲ್ಲರೂ ಜೋರಾಗಿ ಒಂದರಿಂದ ಹತ್ತು ಎಣಿಸಬೇಕು, ಹತ್ತಾದರೆ ಹುಲಿ ನಿಲ್ಲಬೇಕು. ಮೈ ಮುಟ್ಟೋ ಹಾಗಿಲ್ಲ, ಬಾಲ ಮಾತ್ರ ಕೀಳಬೇಕು. ಇದರಿಂದ ತಳ್ಳಾಟ, ಮೊಣಕೈ ತರಚೋದು ಎಷ್ಟೋ ಕಮ್ಮಿ ಆಯ್ತು. ಬಾಲ ಹೋದ ಜಿಂಕೆ ಔಟಲ್ಲ. ಮೂಲೆಯ ಹುಲ್ಲುಗಾವಲಿಗೆ ಹೋಗಿ ಹತ್ತು ಸಲ ಕುಪ್ಪಳಿಸಿ ಇನ್ನೊಂದು ಬಾಲ ಸಿಕ್ಕಿಸಿಕೊಂಡು ಬರಬೇಕು.

ಬೇವಿನ ಮರದ ಕಟ್ಟೆ ಮೇಲೆ ಇಬ್ಬರು ಮುಸುವಗಳು. ಹುಲಿ ಕಂಡರೆ ಮುಸುವ ಮರದ ಮೇಲಿಂದ ಕೆಮ್ಮಿದ ಹಾಗೆ ಕೂಗುತ್ತದೆ, ಕೆಳಗಿನ ಜಿಂಕೆಗಳು ಅದನ್ನು ಕೇಳಿ ಎಚ್ಚರ ಆಗ್ತವೆ. ಓಡೋದರಲ್ಲಿ ಯಾವಾಗಲೂ ಹಿಂದೆ ಬೀಳುವ ನಾಲ್ಕನೇ ಕ್ಲಾಸಿನ ಒಬ್ಬಳು ತಾನೇ ಮುಸುವ ಆಗ್ತೀನಿ ಅಂದಳು. ಕಟ್ಟೆ ಹತ್ತಿದವಳು ಹುಲಿಗಳನ್ನು ಹುಡುಕಲೇ ಇಲ್ಲ, ನೆಲ ನೋಡುತ್ತಾ ನಿಂತಳು. ಬೆಳಗಿನ ಬಿಸಿಲು, ನೆರಳು ಇನ್ನೂ ಉದ್ದ. ಅಡುಗೆ ಕೋಣೆಯ ಗೋಡೆ ಹಿಂದೆ ಕೂತವನ ತಲೆಯ ನೆರಳು ಗೋಡೆ ದಾಟಿ ಈಚೆ ಬಂದು ಸ್ವಲ್ಪ ಸ್ವಲ್ಪವೇ ಸರಿಯುತ್ತಿತ್ತು. ಅವಳು “ಖಕ್! ಖಕ್!” ಅಂತ ಕೂಗಿದ ರಭಸಕ್ಕೆ ಇಪ್ಪತ್ತು ಜಿಂಕೆ ಇನ್ನೊಂದು ಕಡೆಗೆ ದೌಡು. ಹುಲಿ ಬಂತು, ಹತ್ತು ಎಣಿಸಿದ್ದಾಯ್ತು, ಒಂದು ಬಾಲವೂ ಸಿಗಲಿಲ್ಲ. “ಮಿಸ್, ಇವ್ಳು ಮೋಸ ಮಾಡ್ತಾವ್ಳೆ” ಅಂತ ಹುಲಿ ನನ್ನ ಹತ್ತಿರ ದೂರು ತಂದಿತು.

ಎರಡು ಸುತ್ತು ಚೆನ್ನಾಗಿ ಆಯ್ತು. ಆಮೇಲೆ ಐದನೇ ಕ್ಲಾಸಿನ ಒಬ್ಬ ಬಂದು ಕೇಳಿದ. “ಮಿಸ್, ಹುಲಿ ಬರೀ ಜಿಂಕೇನೇ ಹಿಡೀತದಾ? ನಮ್ಮ ದೊಡ್ಡಪ್ಪನ ಹಸ ಹಿಡ್ಕಂಡ್ ಹೋಯ್ತಲ್ಲ.” ಉಳಿದವರೆಲ್ಲ ಸುತ್ತ ಸೇರಿಕೊಂಡರು. ಯಾರ ಮನೆ ಕರು, ಯಾವ ಹೊಲ, ರಾತ್ರಿ ಯಾರು ಪಟಾಕಿ ಹೊಡೆದರು, ಪರಿಹಾರ ಬಂತೋ ಇಲ್ಲವೋ, ಎಲ್ಲ ಒಟ್ಟಿಗೆ ಶುರು. ನಾನು ಸುಮ್ಮನೆ ಕೇಳಿಸಿಕೊಂಡೆ. ಈ ಊರಲ್ಲಿ ಹುಲಿ ಅಂದರೆ ಬರೀ ಪಾಠದ ಚಿತ್ರ ಅಲ್ಲ ನೋಡಿ. ಒಳಗಿಂದ ಅಡುಗೆ ಅಕ್ಕ ಬೇರೆ ಸೌಟು ಹಿಡಿದುಕೊಂಡೇ ಬಂದು “ಬೆಳ್ ಬೆಳಗ್ಗೆ ಯಾಕ್ ಮಿಸ್ ಅದ್ರ ಹೆಸ್ರು ಎತ್ತೀರಿ, ಕರದಂಗಾಯ್ತದೆ” ಅಂದರು.

ಮೂರನೇ ಸುತ್ತಿನ ನಿಯಮ ನಾನು ಮಾಡಿದ್ದಲ್ಲ. ಮಕ್ಕಳೇ ಸುಣ್ಣದ ಪುಡಿಯಲ್ಲಿ ಒಂದು ಗೆರೆ ಎಳೆಸಿದರು, ಅದು ಆನೆ ಕಂದಕ, ಅಂದರೆ ಕಾಡಾನೆ ಊರಿಗೆ ಬರದಂತೆ ತೋಡುವ ಗುಂಡಿ. ಗೆರೆಯ ಆಚೆ ಕಾಡು, ಈಚೆ ಊರು. ಕಾಡಿನ ಒಳಗೆ ಹುಲಿ ಎಷ್ಟು ಬಾಲ ಕಿತ್ತರೂ ಯಾರೂ ಕೇಳಬಾರದು. ಗೆರೆ ದಾಟಿ ಊರಿನ ಕಡೆ ಹಸು ಆದವರ ಹತ್ತಿರ ಬಂದರೆ ಮಾತ್ರ ಬೋನು. ನಾಲ್ಕು ಜನ ಕೈ ಕೈ ಹಿಡಿದು ಬಾಗಿಲು ಬಿಟ್ಟ ಹಾಗೆ ನಿಂತರು, ಅದೇ ಬೋನು. ಒಳಗೆ ಒಬ್ಬ ಮೇಕೆ ಆಗಿ “ಮೇ ಮೇ” ಅಂತ ಕೂಗುತ್ತಾ ಕೂತ. ಆ ಪಾತ್ರಕ್ಕೆ ಜಗಳವೇ ಆಗಿತ್ತು! ಹುಲಿಯನ್ನು ಬೋನಿನ ಕಡೆ ಅಟ್ಟೋಕೆ ಅರಣ್ಯ ಇಲಾಖೆಯ ವಾಚರ್‌ಗಳು ಬೇರೆ. ಸಿಕ್ಕಿಬಿದ್ದ ಹುಲಿಯನ್ನು ಏನು ಮಾಡೋದು ಅಂದರೆ ಎಲ್ಲರೂ ಒಂದೇ ಬಾಯಲ್ಲಿ “ಕೂರ್ಗಳ್ಳಿ!” ಅಂದರು. ಹಿಡಿದ ಹುಲಿ, ಚಿರತೆಗಳನ್ನು ಇಡುವ, ಮೈಸೂರಿನ ಹತ್ತಿರದ ಪುನರ್ವಸತಿ ಕೇಂದ್ರ ಅದು. ನಮ್ಮ ಕೂರ್ಗಳ್ಳಿ ಜಾರುಬಂಡೆಯ ಕೆಳಗೆ. ಅಲ್ಲಿಗೆ ಹೋದ ಹುಲಿ ಹಸುವಾಗಿ ವಾಪಸ್ ಬರಬೇಕು ಅಂತ ನಾನು ಒಂದೇ ಒಂದು ಸೇರಿಸಿದೆ, ಯಾರೂ ಕೂರಬಾರದು ಅಂತ.

ಈ ಸುತ್ತಿನಲ್ಲಿ ಓಟಕ್ಕಿಂತ ಲೆಕ್ಕಾಚಾರ ಜಾಸ್ತಿ ಇತ್ತು. ವಾಚರ್‌ಗಳು ಮೂರು ಕಡೆಯಿಂದ ನಿಂತು ಒಂದು ಕಡೆ ಖಾಲಿ ಬಿಡಬೇಕು, ಎಲ್ಲ ಕಡೆ ಮುಚ್ಚಿದರೆ ಹುಲಿ ಮೈಮೇಲೇ ಬರುತ್ತದೆ. ಇದನ್ನು ಮಕ್ಕಳು ಎರಡು ಸಲ ಗುದ್ದಿಕೊಂಡು ತಾವೇ ಕಂಡುಕೊಂಡರು. ಹಸು ಕಳೆದುಕೊಂಡ ಮನೆಯ ಹುಡುಗ ಏನಾಗ್ತಾನೆ ಅಂತ ಕುತೂಹಲ ಇತ್ತು ನನಗೆ. ಅವನು ಹುಲಿಯಾದ, ಅದೂ ಹಟ ಮಾಡಿ. ಕೊನೆಯವರೆಗೂ ಬೋನಿಗೆ ಬೀಳಲಿಲ್ಲ.

ಬೆಲ್ ಹೊಡೆದ ಮೇಲೂ ಯಾರೂ ಒಳಗೆ ಹೋಗಲಿಲ್ಲ. ಮುಂದಿನ ಶನಿವಾರ ಆನೆ ಬೇಕಂತೆ. ಆನೆಗೆ ಬೋನು ಸಾಕಾಗಲ್ಲ, ಅಭಿಮನ್ಯು ಬರಬೇಕು ಅಂತ ಅವರ ವಾದ. 2020ರಿಂದ ದಸರಾ ಅಂಬಾರಿ ಹೊತ್ತ ಆನೆ, ಪುಂಡಾನೆ ಹಿಡಿಯೋದರಲ್ಲೂ ಅದಕ್ಕೆ ಹೆಸರಿದೆ. ಆಯ್ತು, ಅಭಿಮನ್ಯು ಯಾರು ಅಂತ ಕೇಳಿದೆ. ಮೂವತ್ತೂ ಕೈ ಮೇಲೆ. ಈಗ ಒಂದು ಪುಂಡಾನೆಗೆ ಮೂವತ್ತು ಅಭಿಮನ್ಯು ಇಟ್ಟುಕೊಂಡು ಆಟ ಹೇಗೆ ಕಟ್ಟೋದು ಅಂತ ಯೋಚನೆ ಮಾಡ್ತಾ ಇದ್ದೀನಿ, ನಿಮಗೇನಾದರೂ ಹೊಳೆದರೆ ಹೇಳಿ.