ಬ್ಯಾಂಕಾಕಿನ ಅಗ್ಗದ ಮಸಾಜನ್ನು ನಂಬಬಹುದೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕೆಲಸದ ನಿಮಿತ್ತ ಥಾಯ್ಲೆಂಡಿಗೆ ಹೋಗಿ ಬರುತ್ತಿರುವ ನನ್ನನ್ನು ಬಂಧುಗಳೂ ಸಹೋದ್ಯೋಗಿಗಳೂ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. "ಅಲ್ಲಿ ಹೋದಾಗಲೆಲ್ಲ ಮಸಾಜ್ ಮಾಡಿಸಿಕೊಳ್ಳುತ್ತೀರಂತೆ. ಅಷ್ಟು ಕಡಿಮೆ ದುಡ್ಡಿಗೆ ಸಿಗುವುದು ನೆಟ್ಟಗಿರುತ್ತದೆಯೇ? ಮನೆಯವರನ್ನು ಕರೆದುಕೊಂಡು ಹೋಗಬಹುದಾದ ಜಾಗವೇ ಅದು?" ಹೋಗಬಹುದು, ನೆಟ್ಟಗೂ ಇರುತ್ತದೆ ಎಂಬುದು ನನ್ನ ಉತ್ತರ. ಬೆಲೆ ಕಡಿಮೆಯಿದ್ದ ಮಾತ್ರಕ್ಕೆ ವಿದ್ಯೆ ಕಡಿಮೆಯದೆಂದು ತಿಳಿಯುವುದು ಸರಿಯಲ್ಲ. ಆದರೆ ಹೋಗುವವರಿಗೆ ಒಂದಿಷ್ಟು ತಿಳಿವಳಿಕೆ ಇರಬೇಕು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಅಲ್ಲಿನವರು 'ನುವಾದ್ ಥಾಯ್' ಎಂದು ಕರೆಯುವ ಈ ಅಂಗಮರ್ದನ ಪದ್ಧತಿಯನ್ನು ಯುನೆಸ್ಕೋ 2019ರಲ್ಲಿ ಮನುಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಬ್ಯಾಂಕಾಕಿನ ಅರಮನೆಯ ಪಕ್ಕದಲ್ಲಿರುವ ವಾಟ್ ಫೋ ದೇವಾಲಯಕ್ಕೆ ನಮ್ಮವರು 46 ಮೀಟರ್ ಉದ್ದದ ಮಲಗಿರುವ ಬುದ್ಧನನ್ನು ನೋಡಲೆಂದು ಹೋಗಿ, ಫೋಟೋ ತೆಗೆಸಿಕೊಂಡು ಹಿಂತಿರುಗುತ್ತಾರೆ. ಅದೇ ಆವರಣದ ಮಂಟಪವೊಂದರ ಗೋಡೆಗಳಲ್ಲಿ ಮನುಷ್ಯ ದೇಹದ ರೇಖಾಚಿತ್ರಗಳನ್ನೂ, ಯಾವ ನೋವಿಗೆ ಎಲ್ಲೆಲ್ಲಿ ಒತ್ತಬೇಕೆಂಬ ಗುರುತುಗಳನ್ನೂ ಕೆತ್ತಿದ ಶಿಲಾಫಲಕಗಳಿವೆ. ಅವನ್ನು ದಯವಿಟ್ಟು ನಿಂತು ನೋಡಿ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಮೂರನೆಯ ರಾಮ ದೊರೆ, ವೈದ್ಯರ ಮನೆಗಳಲ್ಲಿ ಉಳಿದುಕೊಂಡಿದ್ದ ಈ ವಿದ್ಯೆ ಎಲ್ಲರ ಕಣ್ಣಿಗೂ ಬೀಳಲೆಂದು ಅವನ್ನು ಕೆತ್ತಿಸಿದ. 1955ರಿಂದ ಅಲ್ಲಿಯೇ ಸಾಂಪ್ರದಾಯಿಕ ವೈದ್ಯದ ಶಾಲೆಯೊಂದು ನಡೆಯುತ್ತಿದೆ. ಅಲ್ಲಿನ ಪರಂಪರೆ ಈ ವಿದ್ಯೆಯ ಮೂಲಗುರುವೆಂದು ನಂಬುವುದು ಮಗಧದ ರಾಜಗೃಹದಲ್ಲಿ ಬಿಂಬಿಸಾರನಿಗೂ ಬುದ್ಧನಿಗೂ ವೈದ್ಯನಾಗಿದ್ದ ಜೀವಕನನ್ನು. ಕಲಿಯುವವರು ಇಂದಿಗೂ ಪಾಲಿ ಭಾಷೆಯ ಪ್ರಾರ್ಥನೆಯಲ್ಲಿ ಅವನಿಗೆ ವಂದಿಸುತ್ತಾರೆ. ಗುರುವಂದನೆಯಿಂದ ಆರಂಭವಾಗುವ ಕೆಲಸದ ಬಗ್ಗೆ ನಮ್ಮಲ್ಲಿ ಕೆಲವರು ಮೂಗು ಮುರಿಯುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಇನ್ನು ಮಸಾಜ್ ನಡೆಯುವ ಬಗೆ. ಸಾಂಪ್ರದಾಯಿಕ ಪದ್ಧತಿಯಲ್ಲಿ ಎಣ್ಣೆಯಿಲ್ಲ, ಬಟ್ಟೆ ಕಳಚುವ ಮಾತೂ ಇಲ್ಲ. ಒಳಗೆ ಹೋದ ಕೂಡಲೇ ಬೋಗುಣಿಯಲ್ಲಿ ಬೆಚ್ಚಗಿನ ನೀರಿಟ್ಟು ಪಾದ ತೊಳೆಯುತ್ತಾರೆ, ಬಳಿಕ ತೊಡಲು ಸಡಿಲವಾದ ಹತ್ತಿಯ ಪಾಯಿಜಾಮ ಮತ್ತು ಅಂಗಿ ಕೊಡುತ್ತಾರೆ. ನೆಲದ ಮೇಲೆ ಹಾಸಿದ ತೆಳುವಾದ ಹಾಸಿಗೆಯಲ್ಲಿ ಅಂಗಾತ ಮಲಗಿದರೆ, ಕೆಲಸ ಅಂಗಾಲಿನಿಂದ ಆರಂಭವಾಗಿ ಮೀನಖಂಡ, ತೊಡೆ, ಸೊಂಟ, ಬೆನ್ನು, ಹೆಗಲು, ತಲೆ ಎಂದು ಮೇಲಕ್ಕೆ ಸಾಗುತ್ತದೆ. ಹೆಬ್ಬೆರಳಿನಿಂದ ಒತ್ತುವವರು ತೋಳಿನ ಬಲವನ್ನು ಬಳಸುವುದಿಲ್ಲ. ತೋಳನ್ನು ನೇರವಾಗಿ ಇಟ್ಟುಕೊಂಡು ಮೈಭಾರವನ್ನೇ ಮುಂದಕ್ಕೆ ಬಿಡುತ್ತಾರೆ, ನಿಧಾನವಾಗಿ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಆ ಲಯ ಒಂದು ಗಂಟೆಯುದ್ದಕ್ಕೂ ತಪ್ಪುವುದಿಲ್ಲ. ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತು ಗಂಟು ಕಟ್ಟಿದ ಬೆನ್ನಿಗೆ, ಬೆನ್ನೆಲುಬಿಗೂ ಹೆಗಲಮೂಳೆಯ ಅಂಚಿಗೂ ನಡುವಿನ ಆ ಕಿರಿದಾದ ಜಾಗದಲ್ಲಿ ಮೊಣಕೈ ಊರಿದಾಗ ಮೊದಲು ಜೀವ ಹೋದಂತಾಗುತ್ತದೆ, ಆಮೇಲೆ ಉಸಿರು ತಾನಾಗಿಯೇ ಉದ್ದವಾಗುತ್ತದೆ. ಒತ್ತಡ ಹೆಚ್ಚೆನಿಸಿದರೆ 'ಬಾವ್ ಬಾವ್' ಎಂದರೆ ಸಾಕು, ಕೂಡಲೇ ಹಗುರ ಮಾಡುತ್ತಾರೆ. ಹಾಗೆ ಹೇಳಲು ಸಂಕೋಚ ಬೇಡ. ನೋವನ್ನು ಹಲ್ಲು ಕಚ್ಚಿ ಸಹಿಸಿಕೊಂಡರೆ ಮಾಂಸಖಂಡ ಇನ್ನಷ್ಟು ಬಿಗಿಯುತ್ತದೆಯೇ ಹೊರತು ಸಡಿಲವಾಗುವುದಿಲ್ಲ.

ಬ್ಯಾಂಕಾಕಿನ ಸಾಮಾನ್ಯ ಅಂಗಡಿಗಳಲ್ಲಿ ಒಂದು ಗಂಟೆಗೆ ಸುಮಾರು 250ರಿಂದ 400 ಬಾತ್, ಅಂದರೆ ಹೆಚ್ಚುಕಡಿಮೆ 650ರಿಂದ 1,100 ರೂಪಾಯಿ ಆಗುತ್ತದೆ. ಬೆಂಗಳೂರಿನ ಸ್ಪಾಗಳಲ್ಲಿ ಅಷ್ಟೇ ಹೊತ್ತಿಗೆ ಎರಡು ಸಾವಿರಕ್ಕೂ ಮಿಕ್ಕಿ ತೆತ್ತವರಿಗೆ ಇದರಲ್ಲಿ ಏನೋ ಮೋಸವಿದೆ ಎನ್ನಿಸುವುದು ಸಹಜ. ಆದರೆ ಲೆಕ್ಕ ಸರಳವಾಗಿದೆ. ಎಣ್ಣೆಯ ಖರ್ಚಿಲ್ಲ, ಸ್ನಾನದ ಕೋಣೆ ಬೇಕಿಲ್ಲ, ಒಂದೇ ಹಜಾರದಲ್ಲಿ ಪರದೆಗಳ ನಡುವೆ ಐದಾರು ಹಾಸಿಗೆ ಹಿಡಿಸುತ್ತವೆ, ಕೆಲಸ ಕಲಿತವರು ಊರ ತುಂಬ ಇದ್ದಾರೆ, ಮತ್ತು ಮುಖ್ಯವಾಗಿ, ಅಲ್ಲಿನ ಜನರೇ ದುಡಿದು ದಣಿದ ದಿನ ಬಂದು ಮಾಡಿಸಿಕೊಳ್ಳುತ್ತಾರೆ. ಸ್ಥಳೀಯರು ನಿತ್ಯ ಬಳಸುವ ಸೇವೆಯ ಬೆಲೆ ಅವರ ಕೈಗೆ ಎಟುಕುವಂತೆಯೇ ಇರುತ್ತದೆ.

ಇದರಿಂದ ಮನಸ್ಸಿನ ಒತ್ತಡ ಕಳೆಯುತ್ತದೆಯೇ ಎಂದು ಕೇಳುವವರಿಗೆ ನಾನು ಅಳೆದು ಮಾತನಾಡುತ್ತೇನೆ. ಬಿಗಿದ ಹೆಗಲು ಸಡಿಲವಾಗುತ್ತದೆ, ಫೋನು ಕೈಯಲ್ಲಿಲ್ಲದ ಒಂದು ಗಂಟೆ ಸಿಗುತ್ತದೆ, ಆ ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ. ದೀಪಾವಳಿಯ ದಿನ ಅಮ್ಮ ನೆತ್ತಿಗೆ ಎಣ್ಣೆ ತಟ್ಟಿ ಅಭ್ಯಂಜನ ಮಾಡಿಸಿದ ಬಳಿಕ ಮಧ್ಯಾಹ್ನ ಬರುತ್ತಿದ್ದ ನಿದ್ದೆಯಂಥದ್ದೇ ಅದು. ಒತ್ತಡದ ಮೂಲ ಕಚೇರಿಯಲ್ಲೋ ಮನೆಯಲ್ಲೋ ಇದ್ದರೆ ಅದು ಅಲ್ಲಿಯೇ ಇರುತ್ತದೆ. ತಿಂಗಳುಗಟ್ಟಲೆ ನಿದ್ದೆಗೆಟ್ಟವರಿಗೆ ಬೇಕಾದದ್ದು ವೈದ್ಯರ ಸಲಹೆ.

ಅಂಗಡಿಯನ್ನು ಆರಿಸುವ ವಿಷಯವನ್ನೂ ಮರೆಮಾಚದೆ ಹೇಳಬೇಕು. ಮಸಾಜ್ ಎಂಬ ಹಲಗೆಯ ಹಿಂದೆ ಬೇರೆ ವ್ಯಾಪಾರ ನಡೆಸುವ ಜಾಗಗಳೂ ಅಲ್ಲಿವೆ, ಸಾಮಾನ್ಯವಾಗಿ ಬಾರುಗಳಿರುವ ಬೀದಿಗಳಲ್ಲಿ. ಬಾಗಿಲಲ್ಲಿ ನಿಂತು ಕೈಹಿಡಿದು ಕರೆಯುವ, ದರಪಟ್ಟಿ ತೋರಿಸದ ಅಂಗಡಿಯಿಂದ ದೂರವಿರಿ. ಹೊರಗೆ ದರಪಟ್ಟಿ ತೂಗುಹಾಕಿರುವ, ಒಳಗೆ ಪರವಾನಗಿ ಪತ್ರ ಕಾಣುವ, ನಡುವಯಸ್ಸಿನ ಹೆಂಗಸರು ಕೆಲಸ ಮಾಡುತ್ತಿರುವ, ಹಗಲಿನಲ್ಲಿ ಸ್ಥಳೀಯರು ಬಂದುಹೋಗುವ ಅಂಗಡಿಗೆ ಧೈರ್ಯವಾಗಿ ಹೋಗಬಹುದು. ಮೊದಲ ಸಲ ಹಿಂಜರಿಯುವವರು ಪಾದದ ಮಸಾಜಿನಿಂದ ಆರಂಭಿಸಲಿ. ಅದನ್ನು ಬೀದಿಗೆ ಕಾಣುವ ಗಾಜಿನ ಹಿಂದೆ ಸಾಲಾಗಿ ಹಾಕಿದ ಒರಗುಕುರ್ಚಿಗಳಲ್ಲಿ ಮಾಡುತ್ತಾರೆ. ಹೆಂಗಸರು ತಮಗೆ ಹೆಂಗಸರೇ ಬೇಕೆಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಕೆಲವರಿಗೆ ಮಾತ್ರ ಬೇಡವೆಂದೇ ಹೇಳುತ್ತೇನೆ. ದೀರ್ಘ ವಿಮಾನ ಪ್ರಯಾಣದ ನಂತರ ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣವಾಗಿರಬಹುದು. ಅಲ್ಲಿ ಒತ್ತಿದರೆ ಗಡ್ಡೆ ಸಡಿಲಗೊಂಡು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ, ಆದ್ದರಿಂದ ನೇರವಾಗಿ ಆಸ್ಪತ್ರೆಗೇ ಹೋಗಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಎಷ್ಟು ಒತ್ತಿದರೂ ನೋವು ತಿಳಿಯುವುದಿಲ್ಲವಾದ್ದರಿಂದ ಗಾಯವಾದದ್ದೂ ತಿಳಿಯುವುದಿಲ್ಲ. ತೊಡೆಸಂದಿಯಲ್ಲಿ ಅಂಗೈಯೂರಿ ಕೆಲವು ಕ್ಷಣ ರಕ್ತದ ಹರಿವನ್ನು ತಡೆದು ಬಿಡುವ ಕ್ರಮವೊಂದು ಈ ಪದ್ಧತಿಯಲ್ಲಿದೆ. ಹೃದ್ರೋಗಿಗಳೂ ರಕ್ತದೊತ್ತಡ ಹತೋಟಿಯಲ್ಲಿಲ್ಲದವರೂ ಅದನ್ನು ಮಾಡಿಸಿಕೊಳ್ಳಬಾರದು. ಮೂಳೆ ಸವೆದ ಹಿರಿಯರು ಮತ್ತು ಗರ್ಭಿಣಿಯರು ಮೊದಲು ತಮ್ಮ ವೈದ್ಯರನ್ನು ಕೇಳಲಿ. ಕತ್ತನ್ನು ತಿರುಗಿಸಿ ನೆಟಿಗೆ ತೆಗೆಯಲು ಬಂದರೆ ಯಾರೇ ಆಗಲಿ ಕೈಸನ್ನೆಯಿಂದ ಬೇಡವೆನ್ನಬೇಕು.

ಕೊನೆಯದಾಗಿ ದುಡ್ಡಿನ ಮಾತು. ಅನೇಕ ಅಂಗಡಿಗಳಲ್ಲಿ ಕೆಲಸದವರಿಗೆ ತಿಂಗಳ ಸಂಬಳವಿಲ್ಲ, ಮಾಡಿದ ಪ್ರತಿ ಗಂಟೆಗೆ ಇಷ್ಟು ಪಾಲು ಎಂದಿರುತ್ತದೆ. ಗಿರಾಕಿ ಬಾರದ ಹೊತ್ತಿಗೆ ಸಂಪಾದನೆಯೂ ಇಲ್ಲ. ಗಂಟೆಗಟ್ಟಲೆ ಒತ್ತಿ ಅವರ ಹೆಬ್ಬೆರಳಿನ ಗೆಣ್ಣುಗಳು ದಪ್ಪವಾಗಿರುವುದನ್ನು ನಾನು ನೋಡಿದ್ದೇನೆ. ಚಿಯಾಂಗ್ ಮಾಯ್ ಊರಿನಲ್ಲಿ, ಬಿಡುಗಡೆ ಹತ್ತಿರವಾದ ಮಹಿಳಾ ಕೈದಿಗಳಿಗೆ ಮಸಾಜ್ ಕಲಿಸಿ, ಅವರಿಂದಲೇ ಸಾರ್ವಜನಿಕರಿಗೆ ಸೇವೆ ಕೊಡಿಸುವ ಕೇಂದ್ರವಿದೆ. ಅಲ್ಲಿಗೆ ಹೋದವರು ಅವರ ಮುಂದಿನ ಬದುಕಿಗೆ ನೆರವಾದಂತೆಯೂ ಆಗುತ್ತದೆ. ಎಲ್ಲಿಯೇ ಮಾಡಿಸಿಕೊಂಡರೂ ಹಲಗೆಯ ಮೇಲಿನ ದರದಲ್ಲಿ ಚೌಕಾಸಿ ಮಾಡಬೇಡಿ. ಗಲ್ಲಾದಲ್ಲಿ ಬಿಲ್ ಕಟ್ಟಿದ ಮೇಲೆ ಐವತ್ತೋ ನೂರೋ ಬಾತ್ ಟಿಪ್ಪನ್ನು ಬೇರೆಯಾಗಿ ತೆಗೆದಿಟ್ಟು, ಮಸಾಜ್ ಮಾಡಿದವರ ಕೈಗೇ ಕೊಡಿ.