ಮಣ್ಣಿನ ಗೋಡೆಗೆ ಸಿಮೆಂಟ್ ಬೇಡ

ಸಕಲೇಶಪುರ, ಮೂಡಿಗೆರೆ ಕಡೆ ಹಳೇ ಮನೆ ರಿಪೇರಿಗೆ ಕೈ ಹಾಕಿರೋರು ದಯವಿಟ್ಟು ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿಸಬೇಡಿ.

ನಮ್ಮ ದೊಡ್ಡಪ್ಪನ ತೊಟ್ಟಿ ಮನೆ ಕೆಲಸ ನಡೀತಿದೆ. ಹಿಂದೆ ಯಾವಾಗಲೋ ಮಾಡಿಸಿದ್ದ ಸಿಮೆಂಟ್ ಪ್ಲಾಸ್ಟರಿಂಗ್‌ಗೆ ಮೇಸ್ತ್ರಿ ಉಳಿ ಕೊಟ್ಟರೆ ಹಪ್ಪಳದ ಹಾಗೆ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಒಳಗಿನ ಮಣ್ಣು ಈ ಬಿಸಿಲಲ್ಲೂ ಹಸಿ ಹಸಿ, ಬೆರಳಿಟ್ಟರೆ ಇಳಿಯುತ್ತೆ. ನೆಲದಿಂದ ಏರಿದ ತೇವ ಆರೋಕೆ ದಾರಿಯೇ ಇರಲಿಲ್ಲ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತೆ. ಈಗ ಅದರಲ್ಲೇ ಮಾಡಿಸ್ತಿದ್ದೀವಿ. ನಿಧಾನದ ಕೆಲಸ, ಕೂಲಿಯೂ ಜಾಸ್ತಿ, ಬಲ್ಲವರೂ ಕಡಿಮೆ. ಆದರೂ ಸರಿ.

ಕಂಬದ ಬುಡ ನೋಡಿದರೆ ಹಿಂದಿನವರ ಬುದ್ಧಿ ಗೊತ್ತಾಗುತ್ತೆ. ಮರವನ್ನು ನೆಲದಲ್ಲಿ ಹೂತಿಲ್ಲ, ಕಲ್ಲಿನ ಮೇಲೆ ಕೂರಿಸಿದ್ದಾರೆ. ತೇವ ತಾಗಲ್ಲ, ಗೆದ್ದಲು ಹತ್ತಿದರೂ ಕಣ್ಣಿಗೆ ಬೀಳುತ್ತೆ. ಇಂಥ ಕಂಬಗಳನ್ನೇ ಕಿತ್ತು ಮಾರೋದು ಕಂಡರೆ ಹೊಟ್ಟೆ ಉರಿಯುತ್ತೆ.

2023ರಲ್ಲಿ ಬೇಲೂರು, ಹಳೇಬೀಡಿನ ದೇವಸ್ಥಾನಗಳು ಯುನೆಸ್ಕೋ ಪಟ್ಟಿ ಸೇರಿದಾಗ ಎಲ್ಲರೂ ಹೆಮ್ಮೆಪಟ್ಟೆವು. ಅದರಲ್ಲಿ ಒಂದು ಪಾಲು ನಮ್ಮ ಜಗುಲಿ, ಪಡಸಾಲೆಗಳಿಗೂ ಸಲ್ಲಬೇಡವಾ?

ಅನುಕೂಲ ಬೇಡ ಅಂತಲ್ಲ. ಸಿಂಕು, ಒಳಗೇ ಬಚ್ಚಲು ಬೇಕು ಅನ್ನೋ ದೊಡ್ಡಮ್ಮನ ಮಾತು ನ್ಯಾಯವೇ. ಅದನ್ನೆಲ್ಲ ಹಿತ್ತಲ ಕಡೆ ಹೊಸದಾಗಿ ಕಟ್ಟಿ ಸೇರಿಸ್ತಿದ್ದೀವಿ, ತೊಟ್ಟಿ ಮುಟ್ಟಲ್ಲ.

ಮಳೆ ಹಿಡಿಯೋ ಮುಂಚೆ ಮಾಡಿನ ಕೆಲಸ ಮುಗೀಬೇಕು. ಹಳೇ ಮಂಗಳೂರು ಹೆಂಚು ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ಬಂದು ತಗೊಂಡು ಹೋಗ್ತೀವಿ.